ಗ್ಯಾಸಿನ ಕಾಗದದ ಅರಬಿ ಬದಿ

ಆಗ ನನಗೆ ಅರವತ್ತೆಂಟು. ಅದಾಗಿ ಏಳು ವರ್ಷವಾಯಿತು. ನಿಜವಾದ ವಯಸ್ಸು ಹೆತ್ತವಳಿಗೂ ಗೊತ್ತಿರಲಿಲ್ಲ. ಇದು ಇಕಾಮಾದ ಕಾರ್ಡಿನಲ್ಲಿ ಬರೆದ ಲೆಕ್ಕ. ಇಕಾಮಾ ಎಂದರೆ ಸೌದಿಯಲ್ಲಿ ಇರಲು ಕೊಡುವ ಪರವಾನಿಗೆ. ಗಂಡ ಸತ್ತ ಮೇಲೆ ಮಗ ಎಷ್ಟೋ ಕಚೇರಿಗಳಿಗೆ ಅಲೆದು ನನ್ನನ್ನು ತನ್ನ ಇಕಾಮಾಕ್ಕೆ ಸೇರಿಸಿಕೊಂಡು ಅಲ್ ಖೋಬರಿಗೆ ಕರೆಸಿಕೊಂಡಿದ್ದ. ಮೂರನೇ ಮಾಳಿಗೆಯಲ್ಲಿ ಎರಡು ಕೋಣೆಯ ಮನೆ. ಮಗ ಜುಬೈಲಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವಾರವಿಡೀ ಅಲ್ಲಿಯ ಕಂಪೆನಿ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಬರುತ್ತಿದ್ದ, ಆದಿತ್ಯವಾರ ಬೆಳಕು ಹರಿಯುವ ಮೊದಲು ಬಸ್ಸು ಹಿಡಿಯುತ್ತಿದ್ದ. ಉಳಿದ ದಿನ ಮನೆಯಲ್ಲಿ ನಾವು ನಾಲ್ಕು ಹೆಣ್ಣುಗಳು: ನಾನು, ಸೊಸೆ, ಒಂಬತ್ತನೇ ಕ್ಲಾಸಿನ ಹಿರಿಯ ಮೊಮ್ಮಗಳು, ಇನ್ನೂ ಶಾಲೆಗೆ ಸೇರದ ಕಿರಿಯವಳು.

ಆ ವರ್ಷ ಅಲ್ಲಿ ಯಾರ ಮನೆಗೆ ಹೋದರೂ ತಲೆಗೆ ಇಷ್ಟು ಎನ್ನುವುದೇ ಮಾತು. ಹೆಂಡತಿ, ಮಕ್ಕಳು, ತಾಯಿ ಎಂದು ಯಾರನ್ನು ಇಟ್ಟುಕೊಂಡರೂ ಒಂದು ತಲೆಗೆ ತಿಂಗಳಿಗೆ ಇಷ್ಟು ರಿಯಾಲ್ ಎಂದು ಸರಕಾರದ ಫೀ ಬಂದಿತ್ತು. ಮೊದಲ ವರ್ಷ ನೂರು, ಆಮೇಲೆ ಇನ್ನೂರು, ಮುಂದೆ ಇನ್ನೂ ಹೆಚ್ಚು. ವರ್ಷದ್ದು ಒಟ್ಟಿಗೆ, ಇಕಾಮಾ ಹೊಸತು ಮಾಡಿಸುವಾಗ ಕಟ್ಟಬೇಕು. ನಮ್ಮದು ಮಾರ್ಚಿನ ಕೊನೆಗೆ. ನಮ್ಮ ಕಟ್ಟಡದಲ್ಲೇ ಊರಿನ ಮೂರು ಮನೆಯವರು ಹೆಂಡತಿ ಮಕ್ಕಳನ್ನು ಮಂಗಳೂರಿಗೆ ಕಳಿಸಿ, ಸೋಫಾ, ಫ್ರಿಜ್ಜು ಮಾರಿ, ಬ್ಯಾಚುಲರುಗಳ ಕೋಣೆಗೆ ಹೋಗಿಯಾಗಿತ್ತು.

ಮಗ ಒಂದು ಶುಕ್ರವಾರ ಊಟ ಮಾಡುತ್ತಾ ಹೇಳಿದ: "ಖರ್ಚು ಹಿಡಿತಕ್ಕೆ ಬಂದ್ರೆ ಮಗಳು ಹತ್ತನೇ ಮುಗಿಸಿಯೇ ಹೋಗುವ. ಬರದಿದ್ರೆ ಮಾರ್ಚಿಗೆ ಎಲ್ಲರೂ ಊರಿಗೆ."

ಹಿರಿಯವಳು ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೇ ಹಾಕಿದಳು. ಒಂಬತ್ತರಲ್ಲೇ ಹತ್ತನೆಯ ಪರೀಕ್ಷೆಗೆ ಹೆಸರು ಬರೆಸಿಯಾಗಿತ್ತಂತೆ. ನಡುವೆ ಶಾಲೆ ಬದಲಾಯಿಸಿದರೆ ಊರಿನಲ್ಲಿ ಯಾರೂ ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ, ಒಂದು ವರ್ಷ ಹೋಗುತ್ತದೆ ಎಂದು ಅವಳ ಹೆದರಿಕೆ. ಅವಳು ಅಳಲಿಲ್ಲ. ಅಪ್ಪನ ಹತ್ತಿರ ಅಳುವ ಹುಡುಗಿ ಅಲ್ಲ. ತಾಯಿಯ ಮುಖ ನೋಡಿದಳು, ಅಷ್ಟೆ.

ಸೊಸೆ ಮರುದಿನದಿಂದಲೇ ಉಳಿತಾಯಕ್ಕೆ ಇಳಿದಳು. ಅವಳು ಬಿ.ಕಾಂ. ಕಲಿತವಳು, ಹಿಡಿದ ಕೆಲಸ ಬಿಡುವವಳಲ್ಲ. ಒಂದೇ ಕೋಣೆಗೆ ಏಸಿ, ನಾಲ್ವರೂ ಅಲ್ಲೇ ಮಲಗುವುದು. ನನ್ನ ಮೊಣಕಾಲು ಏಸಿಗೆ ಹಿಡಿದುಕೊಳ್ಳುತ್ತಿತ್ತು. ಹೇಳಿದರೆ "ಕಂಬಳಿ ಹಾಕಿ ಮಾಮಿ" ಎನ್ನುತ್ತಿದ್ದಳು. ಕರೆಂಟಿನ ದರ ಆ ವರ್ಷವೇ ಏರಿತ್ತು. ಆದರೆ ಕರೆಂಟಿಗೆ ಅಲ್ಲಿ ಒಂದೇ ಅಂಗಡಿ, ಬೇಡ ಎಂದರೆ ಕತ್ತಲೆಯಲ್ಲಿ ಕೂರಬೇಕು. ಅಂಗಡಿ ಬದಲಾಯಿಸಲು ಬರುವುದು ಗ್ಯಾಸಿಗೆ ಮಾತ್ರ. ಹಾಗಾಗಿ ಅವಳು ಗ್ಯಾಸಿನ ಹಿಂದೆ ಬಿದ್ದಳು.

ಅದುವರೆಗೆ ನಮಗೆ ಗ್ಯಾಸ್ ಕೊಡುತ್ತಿದ್ದವನು ಹಿಂದಿನ ಬೀದಿಯ ಮಲಯಾಳಿ. ಅಂಗಡಿಯ ಹೊರಗೆ ಕಬ್ಬಿಣದ ಗೂಡು, ಅದರ ಒಳಗೆ ಸಾಲಾಗಿ ಸಿಲಿಂಡರ್. ಖಾಲಿ ಕೊಟ್ಟು ತುಂಬಿದ್ದು ತರುವುದು. ಒಂದಕ್ಕೆ ಸುಮಾರು ಇಪ್ಪತ್ತು ರಿಯಾಲ್, ಮೂರನೇ ಮಾಳಿಗೆಗೆ ಹೊತ್ತರೆ ಮೇಲೆ ಐದು. ಮನೆಯಲ್ಲಿ ಗಂಡಸು ಇಲ್ಲದಾಗ ಅವನು ಒಳಗೆ ಬರುತ್ತಿರಲಿಲ್ಲ. ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ನಾನೂ ಸೊಸೆಯೂ ಉರುಳಿಸಿ ಅಡಿಗೆಮನೆಗೆ ತರಬೇಕು. ಒಮ್ಮೆ ನನ್ನ ಕಾಲಿನ ಹೆಬ್ಬೆರಳಿನ ಉಗುರು ಹೋಗಿತ್ತು.

ಆ ಚಳಿಗಾಲಕ್ಕೆ ಮೊದಲು ಕಟ್ಟಡದ ಯಜಮಾನ ಹಿತ್ತಿಲಲ್ಲಿ ದೊಡ್ಡ ಟ್ಯಾಂಕ್ ಕೂರಿಸಲು ಒಂದು ಕಂಪೆನಿಗೆ ಜಾಗ ಕೊಟ್ಟ. ಅಲ್ಲಿಂದ ಮನೆಮನೆಗೆ ಪೈಪು, ಅಡಿಗೆಮನೆಯಲ್ಲಿ ಮೀಟರು, ಉರಿಸಿದಷ್ಟಕ್ಕೆ ದುಡ್ಡು. ಬೇಕಾದವರು ಸೇರಬಹುದು. ಸೇರಿಸಲು ಬಂದವನು ಹೈದರಾಬಾದಿನವನು, ಇಸ್ತ್ರಿ ಹಾಕಿದ ಅಂಗಿ, ಹಿಂದಿ ಮಾತು. ಒಂದು ಬಣ್ಣದ ಕಾಗದ ಕೊಟ್ಟ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಅರಬಿ.

ನಾನು ಮುದುಕಿಯಾದ್ದರಿಂದ ಹೊರಗಿನ ಗಂಡಸರ ಎದುರು ಕೂರುವುದಕ್ಕೆ ತೊಂದರೆಯಿಲ್ಲ. ಸೊಸೆ ಅಡಿಗೆಮನೆಯ ಪರದೆಯ ಹಿಂದೆ ನಿಂತು ಕೇಳುತ್ತಿದ್ದಳು. ನನಗೆ ಬೇಕಾದದ್ದನ್ನು ನಾನೇ ಕೇಳಿದೆ, ನನ್ನ ಹರಕು ಹಿಂದಿಯಲ್ಲಿ.

"ಒಂದು ಸೇರು ಕುಚ್ಚಲಕ್ಕಿ ಬೇಯಲಿಕ್ಕೆ ಎಷ್ಟು ಯೂನಿಟ್?"

"ಯಾವ ಅಕ್ಕಿ ಅಮ್ಮಾಜಿ?"

"ಕುಚ್ಚಲಕ್ಕಿ. ಕೆಂಪು. ದಪ್ಪ."

"ಬಾಸ್ಮತಿ ಆದ್ರೆ ಇಪ್ಪತ್ತು ನಿಮಿಷ, ಅಮ್ಮಾಜಿ."

"ಬಾಸ್ಮತಿ ನಿನ್ನ ಮದುವೆಗೆ ಇಟ್ಕೋ. ನಮ್ಮ ಅಕ್ಕಿ ಒಂದು ಗಂಟೆ ಕುದೀಬೇಕು."

ಪರದೆಯ ಹಿಂದೆ ಸೊಸೆ ನಕ್ಕದ್ದು ಕೇಳಿಸಿತು. ಅವನಿಗೆ ಅಷ್ಟು ಹೊತ್ತು ಕುದಿಯುವ ಅಕ್ಕಿ ಲೋಕದಲ್ಲಿ ಉಂಟೆಂದೇ ಗೊತ್ತಿರಲಿಲ್ಲ. ಅಂದಾಜಿಗೆ ಏನೋ ಹೇಳಿ ಹೋದ. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ, ಮನೆಯ ಯಜಮಾನರು ಇರುವಾಗ, ಸಹಿಗೆ ಬರುತ್ತೇನೆ ಎಂದ.

ಸೊಸೆ ಕಾಗದದ ಇಂಗ್ಲಿಷ್ ಬದಿ ಓದಿ ಹೇಳಿದಳು. ಡಿಪಾಸಿಟ್ ಮುನ್ನೂರು ರಿಯಾಲ್. ಸೇರಿದವರಿಗೆ ಇನ್ನೂರು ರಿಯಾಲ್ ಕ್ಯಾಶ್‌ಬ್ಯಾಕ್.

"ಕ್ಯಾಶ್‌ಬ್ಯಾಕ್ ಅಂದ್ರೆ ಎಂತ?"

"ಕೊಟ್ಟ ದುಡ್ಡಲ್ಲಿ ಇನ್ನೂರು ವಾಪಸ್ ಕೈಗೆ ಕೊಡ್ತಾರೆ, ಮಾಮಿ."

"ವಾಪಸ್ ಕೊಡುವವ ಮೊದಲೇ ನೂರು ತೆಗೊಂಡ್ರೆ ಆಗುದಿಲ್ವಾ?"

"ಅದು ಹಾಗಲ್ಲ. ಅದು ಆಫರ್."

ವಿಷಯ ಮಲಯಾಳಿಯ ಕಿವಿಗೆ ಹೇಗೋ ಬಿತ್ತು. ಎರಡೇ ದಿನದಲ್ಲಿ ಅವನೂ ಒಂದು ಕಾರ್ಡು ಅಚ್ಚು ಹಾಕಿಸಿ ಎಲ್ಲರ ಬಾಗಿಲಿಗೆ ಸಿಕ್ಕಿಸಿದ. ಹತ್ತು ಸಿಲಿಂಡರ್ ತೆಗೆದುಕೊಂಡರೆ ಹನ್ನೊಂದನೆಯದು ಫ್ರೀ, ಕಾರ್ಡು ಪಡೆದವರಿಗೆ ಪಾತ್ರೆ ತೊಳೆಯುವ ಸೋಪಿನ ಬಾಟಲಿ ಈಗಲೇ. ಕಳೆದ ನಾಲ್ಕು ವರ್ಷ ಒಂದು ಬೆಂಕಿಕಡ್ಡಿಯನ್ನೂ ಫ್ರೀ ಕೊಡದ ಮನುಷ್ಯ.

ಸೊಸೆ ಮಗಳ ಹಳೆಯ ನೋಟುಪುಸ್ತಕ ಹಿಡಿದು ಕೂತಳು. ಎಡಕ್ಕೆ ಪೈಪು, ಬಲಕ್ಕೆ ಸಿಲಿಂಡರ್. ಒಂದು ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂದು ನನ್ನನ್ನು ಕೇಳಿದಳು. ನಲವತ್ತು ದಿನ ಎಂದೆ. ನಾನು ಸಿಲಿಂಡರ್ ಹಾಕಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದೆ, ಬೇಕಾದರೆ ನೋಡು ಎಂದೆ. ಅವಳು ಲೆಕ್ಕ ಹಾಕಿದಳು. ಪೈಪಾದರೆ ಇನ್ನೂರು ವಾಪಸ್ ಬಂದು, ಹೊರುವ ಕೂಲಿ ಉಳಿದು, ಮೊದಲ ವರ್ಷ ಗ್ಯಾಸು ಪುಕ್ಕಟೆಯಂತೆಯೇ. ಸಿಲಿಂಡರಾದರೆ ಹನ್ನೊಂದನೆಯದು ಫ್ರೀ ಸಿಗಬೇಕಾದರೆ ವರ್ಷ ಕಳೆದು ಇನ್ನೂ ಒಂದು ತಿಂಗಳು ಹೋಗಬೇಕು.

"ಪೈಪೇ ಲಾಭ, ಮಾಮಿ. ತಿಂಗಳಿಗೆ ಹದಿನೈದು ಹದಿನಾರು ರಿಯಾಲ್ ಉಳೀತದೆ."

ಅವಳ ಮುಖದಲ್ಲಿ ಆ ಹದಿನಾರು ರಿಯಾಲಿಗೆ ಬಂದ ಕಳೆ, ಮದುವೆಯಲ್ಲಿ ಚಿನ್ನ ಹಾಕಿದಾಗಲೂ ನಾನು ಕಂಡಿರಲಿಲ್ಲ. ತಲೆಗೆ ಇನ್ನೂರರ ಹಾಗೆ ನಾಲ್ಕು ತಲೆ ಎಂದರೆ ಎಷ್ಟು ಎಂದು ನನಗೂ ಬರುತ್ತದೆ. ಆದರೆ ಕೈಗೆ ಎಟುಕಿದ ಪಾತ್ರೆಯನ್ನು ತಾನೆ ಮನುಷ್ಯರು ಉಜ್ಜುವುದು.

ಕಾಗದವನ್ನು ನಾನೂ ಕೈಗೆ ತೆಗೆದುಕೊಂಡೆ. ನನ್ನ ಓದು ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ, ಉಳಿದದ್ದು ಮದ್ರಸದ ಕುರ್‌ಆನ್ ಓದು. ಇಂಗ್ಲಿಷ್ ಒಂದು ಅಕ್ಷರ ಬರುವುದಿಲ್ಲ. ಆದ್ದರಿಂದ ನನಗೆ ಇದ್ದದ್ದು ಅರಬಿ ಬದಿಯೇ. ಸೊಸೆಗೂ ಮೊಮ್ಮಗಳಿಗೂ ಅರಬಿ ಅಕ್ಷರ ಬರುತ್ತದೆ, ನನಗಿಂತ ಚೆನ್ನಾಗಿ ಓದುತ್ತಾರೆ. ಆದರೆ ಇಂಗ್ಲಿಷ್ ಬರುವವರು ಕಾಗದ ಮಗುಚುವುದಿಲ್ಲ.

ಓದಲು ಹೊರಟರೆ ಕಷ್ಟವಾಯಿತು. ಕುರ್‌ಆನಿನಲ್ಲಿ ಪ್ರತಿ ಅಕ್ಷರದ ಮೇಲೋ ಕೆಳಗೋ ಗೀಟು ಇರುತ್ತದೆ. ಅದನ್ನು ನೋಡಿ 'ಅ'ವೋ 'ಇ'ಯೋ 'ಉ'ವೋ ಎಂದು ಹೇಳುವುದು. ಅಂಗಡಿಯವರು ಗೀಟು ಹಾಕುವುದಿಲ್ಲ. ಬೋಳು ಅಕ್ಷರ. ಅದನ್ನು ಏನಾದರೂ ಓದಬಹುದು. ಇನ್ನೂರು ಎಂಬ ಅಂಕೆಯ ಪಕ್ಕದ ಪದವನ್ನು 'ರುಸ್ಯದ್' ಎಂದು ಓದಿದೆ, 'ರಿಸೈದ್' ಎಂದು ಓದಿದೆ, ಕೊನೆಗೆ 'ರಸೀದ್' ಎಂದಾಗ ನಾಲಿಗೆಗೆ ಸರಿಹೋಯಿತು.

"ರಸೀದ್ ಅಂತ ಉಂಟು, ಮಾರಾಯ್ತಿ."

"ರಸೀದಿ ಮಾಮಿ, ರಸೀದಿ!" ಎಂದಳು ಸೊಸೆ. "ಇನ್ನೂರಕ್ಕೆ ರಸೀದಿ ಕೊಡ್ತಾರೆ ಅಂತ ಬರ್ದದ್ದು. ನಾಳೆ ಇಲ್ಲ ಅನ್ನುವ ಹಾಗಿಲ್ಲ."

ನನಗೂ ಸರಿ ಎನ್ನಿಸಿತು. ಊರಿನ ಸೊಸೈಟಿಯಲ್ಲಿ ಸೀಮೆಎಣ್ಣೆಗೂ ರಸೀದಿ ಕೊಡುತ್ತಿದ್ದರು. ರಸೀದಿ ಕೊಡುವವನು ಕಳ್ಳನಲ್ಲ ಎಂದು ನಮ್ಮ ಕಾಲದ ನಂಬಿಕೆ. ಸೊಸೆ ಅಂದೇ ಗಂಡನಿಗೆ ಫೋನು ಮಾಡಿ, ರಸೀದಿಯೂ ಉಂಟಂತೆ, ಶುಕ್ರವಾರ ಸಹಿ ಹಾಕುವ ಎಂದಳು. ಅವನು ಹ್ಞೂಂ ಎಂದ. ಅವನು ಫೋನಿನಲ್ಲಿ ಎಲ್ಲದಕ್ಕೂ ಹ್ಞೂಂ ಎನ್ನುವವನೇ.

ಬುಧವಾರ ಎದುರು ಮನೆಯ ಯೆಮೆನಿ ಹೆಂಗಸು ಬಂದಳು. ನನಗಿಂತ ಸ್ವಲ್ಪ ಚಿಕ್ಕವಳು, ಏಳು ಮಕ್ಕಳ ತಾಯಿ. ನಾವು ಬಟ್ಟಲು ಬದಲಾಯಿಸುವವರು: ಅವಳದ್ದು ರೊಟ್ಟಿ, ನನ್ನದು ಮೀನುಸಾರು. ನನಗೆ ಅರಬಿ ಮಾತು ಬರುವುದಿಲ್ಲ, ಅವಳಿಗೆ ಅರಬಿ ಬಿಟ್ಟರೆ ಬೇರೆ ಬರುವುದಿಲ್ಲ. ಆದರೂ ಹತ್ತಿಪ್ಪತ್ತು ಪದ ಮತ್ತು ಹತ್ತು ಬೆರಳುಗಳಲ್ಲಿ ಎಲ್ಲರ ಸೊಸೆಯಂದಿರ ಬಗ್ಗೆ ಮಾತಾಡುತ್ತಿದ್ದೆವು.

ಅವಳ ಕೈಯಲ್ಲೂ ಅದೇ ಬಣ್ಣದ ಕಾಗದ. ನನ್ನ ಮುಂದೆ ಹಿಡಿದು ತನ್ನ ಕಣ್ಣು ತೋರಿಸಿದಳು, ಕೈ ಅಲ್ಲಾಡಿಸಿದಳು. ಕಣ್ಣು ಮಂಜು ಎಂದುಕೊಂಡೆ. ಅಲ್ಲ. ಅವಳಿಗೆ ಓದಲು ಬರುವುದಿಲ್ಲ. ಅರಬಿಯವರಲ್ಲೂ ಅರಬಿ ಓದಲು ಬಾರದವರು ಇರುತ್ತಾರೆ ಎನ್ನುವುದು ಆ ದಿನದವರೆಗೆ ನನ್ನ ತಲೆಗೆ ಹೋಗಿರಲಿಲ್ಲ. ನಾವೆಲ್ಲ ಕನ್ನಡದವರೇ ಆಗಿ ಎಷ್ಟು ಜನ ಹೆಬ್ಬೆಟ್ಟು ಒತ್ತುವುದಿಲ್ಲ!

ಸರಿ, ಓದುತ್ತೇನೆ ಎಂದು ಕನ್ನಡಕ ಹಾಕಿದೆ. ನನಗೆ ಅರಬಿ ಅಕ್ಷರ ಕಂಡರೆ ಬಾಯಿ ತಾನಾಗಿ ಎಳೆಯುತ್ತದೆ. ಮದ್ರಸದಲ್ಲಿ ಉಸ್ತಾದರು ಬೆತ್ತ ಹಿಡಿದು ಕಲಿಸಿದ ಎಳೆತ. ಎರಡು ಸಾಲು ಓದಿದ್ದೇ ತಡ, ಅವಳು ಕುರ್‌ಆನ್ ಕೇಳುವವಳ ಹಾಗೆ ತಲೆಯ ಮೇಲೆ ಶಾಲು ಎಳೆದುಕೊಂಡು ನೆಟ್ಟಗೆ ಕೂತಳು. ಮೂರನೇ ಸಾಲಿಗೆ ಗ್ಯಾಸ್ ಎಂಬ ಪದ ಬಂತು. ಅವಳು "ಅಸ್ತಗ್‌ಫಿರುಲ್ಲಾ!" ಎಂದು ದೇವರ ಕ್ಷಮೆ ಬೇಡಿ, ನನ್ನ ತೊಡೆಗೆ ಒಂದು ಬಾರಿಸಿ, ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು. ಆಮೇಲೆ ಎಳೆಯದೆ, ಒಣಗಿಸಿ ಓದಿದೆ.

ಹಾಗೆ ನಡೆಯಿತು ಕೆಲಸ. ನಾನು ಬೋಳು ಅಕ್ಷರವನ್ನು ಒಂದು ರೀತಿ ಓದುವುದು, ಅವಳು ತಲೆ ಅಲ್ಲಾಡಿಸುವುದು. ಇನ್ನೊಂದು ರೀತಿ ಓದುವುದು, ಅವಳು "ಲಾ, ಲಾ" ಎನ್ನುವುದು. ಮೂರನೆಯದಕ್ಕೆ ಅವಳೇ ಪದ ಹಿಡಿದುಕೊಳ್ಳುವುದು. ಓದುವವಳಿಗೆ ಅರ್ಥವಿಲ್ಲ, ಅರ್ಥವಾಗುವವಳಿಗೆ ಓದಿಲ್ಲ. ಅರ್ಧ ಕಾಗದಕ್ಕೆ ಒಂದು ಗಂಟೆ ಬೇಕಾಯಿತು, ನಮ್ಮ ಅಕ್ಕಿಯ ಹಾಗೆ.

'ರಸೀದ್' ಬಂದಾಗ ಅವಳು "ಆಆ" ಎಂದು ಕೈ ಮೇಲೆತ್ತಿದಳು. ಸೊಸೆ ಒಳಗಿನಿಂದ ಬಂದು, ರಸೀದಿ, ರಸೀದಿ ಎಂದು ಅಂಗೈಯಲ್ಲಿ ಬರೆದು ಹರಿದು ಕೊಡುವ ಹಾಗೆ ಮಾಡಿ ತೋರಿಸಿದಳು. "ಲಾ!" ಎಂದಳು ಯೆಮೆನಿ. ತನ್ನ ಫೋನು ತೆಗೆದು ತೋರಿಸಿದಳು. ಫೋನಿಗೆ ದುಡ್ಡು ತುಂಬಿಸಿದ ಹಾಗೆ ಒತ್ತಿ, "ರಸೀದ್" ಎಂದಳು. ಆಮೇಲೆ ಫೋನನ್ನು ಮಗುಚಿ ಹಿಡಿದು ಕೆಳಗೆ ಅಂಗೈ ಒಡ್ಡಿ, ಏನಾದರೂ ಉದುರುತ್ತದೋ ಎಂದು ಕೊಡವಿದಳು. "ರಸೀದ್ ಫೀ. ಫುಲೂಸ್ ಮಾಫಿ."

ಫೀ ಎಂದರೆ ಉಂಟು, ಫುಲೂಸ್ ಎಂದರೆ ದುಡ್ಡು, ಮಾಫಿ ಎಂದರೆ ಇಲ್ಲ. ಆ ಮೂರು ಪದ ಸೌದಿಯಲ್ಲಿ ಇಳಿದ ಮೊದಲ ವಾರವೇ ಎಲ್ಲರಿಗೂ ಗೊತ್ತಾಗುತ್ತದೆ. ಫೋನಿನಲ್ಲಿ ದುಡ್ಡು ಇರುತ್ತದೆ, ಆದರೆ ಅದನ್ನು ಹೊರಗೆ ತೆಗೆದು ಮೀನು ತರಲು ಆಗುವುದಿಲ್ಲ. ಇನ್ನೂರು ರಿಯಾಲ್ ನಮ್ಮ ಕೈಗೆ ಬರುವುದಿಲ್ಲ, ಅವರ ಪುಸ್ತಕದಲ್ಲೇ ನಮ್ಮ ಹೆಸರಿನ ಮುಂದೆ ಕೂತಿರುತ್ತದೆ, ತಿಂಗಳ ಬಿಲ್ಲಿನಲ್ಲಿ ಚೂರು ಚೂರು ಕಳೆಯುತ್ತಾರೆ. ಅವಳು ಮತ್ತೆ ಕೆಳಗಿನ ಸಾಲು ಓದಿಸಿದಳು. ಅದು ಒಂದು ವರ್ಷದ ಮಾತು. "ರಮದಾನ್" ಎಂದು ಇಲ್ಲಿ ಒಂದು ಬೆರಳು, "ರಮದಾನ್" ಎಂದು ಅಲ್ಲಿ ಒಂದು ಬೆರಳು ಇಟ್ಟಳು. ಒಂದು ವರ್ಷ ತುಂಬುವ ಮೊದಲು ಮನೆ ಬಿಟ್ಟರೆ ಪುಸ್ತಕದಲ್ಲಿ ಉಳಿದದ್ದೂ ಇಲ್ಲ, ಡಿಪಾಸಿಟ್ಟೂ ಇಲ್ಲ. ಎರಡೂ ಕೈ ಕೊಡವಿ ಬಾಗಿಲ ಕಡೆ ತೋರಿಸಿದಳು. ಅಷ್ಟು ಸ್ಪಷ್ಟವಾಗಿ ಬಿ.ಕಾಂ.ನವರೂ ಹೇಳಲಾರರು.

ಅವಳು ಹೋದ ಮೇಲೆ ಸೊಸೆ ಇಂಗ್ಲಿಷ್ ಬದಿಯನ್ನು ಮತ್ತೆ ಹುಡುಕಿದಳು. ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಷರತ್ತುಗಳು ಅರಬಿಯಲ್ಲಿ ಇವೆ ಎಂದು ಮಾತ್ರ ಬರೆದಿತ್ತಂತೆ.

"ಹಾಗಾದ್ರೆ ಬೇಡ ಅನ್ನು. ಸೋಪಿನ ಬಾಟ್ಲಿ ತೆಗೊಳ್ಳುವ" ಎಂದೆ.

ಸೊಸೆ ಕಾಗದ ಮಡಚಿದಳು. ಆಮೇಲೆ ನನ್ನ ಹತ್ತಿರ ಕೂತು ಮೆಲ್ಲಗೆ ಹೇಳಿದಳು: "ಬೇಡ ಮಾಮಿ. ಸಹಿ ಹಾಕಿಸುವ. ಸಹಿ ಹಾಕಿದ್ರೆ ಒಂದು ವರ್ಷ ಇರ್ಲೇಬೇಕಲ್ಲ. ಮುನ್ನೂರು ರಿಯಾಲ್ ಹೋಗ್ತದೆ ಅಂದ್ರೆ ಇವರು ಮಾರ್ಚಿಗೆ ನಮ್ಮನ್ನು ಹೊರಡಿಸುದಿಲ್ಲ. ಮುಂದಿನ ನವೆಂಬರ್ ಆದ್ರೆ ಹತ್ತನೇ ಅರ್ಧ ಆಗಿರ್ತದೆ. ಮತ್ತೆ ಯಾರು ಕಳಿಸ್ತಾರೆ?"

ನಾನು ಅವಳ ಮುಖ ನೋಡಿದೆ. ಹದಿನೇಳು ವರ್ಷದಿಂದ ಮನೆಯಲ್ಲಿದ್ದಾಳೆ, ಇಷ್ಟು ಬುದ್ಧಿ ಉಂಟೆಂದು ನನಗೆ ಗೊತ್ತಿರಲಿಲ್ಲ. ಮುನ್ನೂರು ರಿಯಾಲಿನ ಹಗ್ಗದಲ್ಲಿ ನನ್ನ ಮಗನನ್ನು ಕಟ್ಟಲು ಹೊರಟಿದ್ದಳು. ತಾಯಿಯಾಗಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಗ್ಗ ಗಟ್ಟಿ ಉಂಟೋ ಎಂಬುದೊಂದೇ ಸಂಶಯ.

"ಅವನಿಗೆ ವರ್ಷದ ಮಾತು ಹೇಳ್ತೀಯಾ?"

"ನೀವು ಹೇಳ್ಬೇಡಿ. ಸಹಿ ಆದ ಮೇಲೆ ನಾನು ಹೇಳ್ತೇನೆ."

"ನಾನು ಸುಳ್ಳು ಹೇಳುದಿಲ್ಲ. ಕೇಳಿದ್ರೆ ಹೇಳ್ತೇನೆ."

"ಕೇಳಿದ್ರೆ ತಾನೆ" ಎಂದಳು ಅವಳು. ಗಂಡನನ್ನು ಅವಳು ಚೆನ್ನಾಗಿ ಬಲ್ಲವಳು.

ಶುಕ್ರವಾರ ಅಸರ್ ಆದ ಮೇಲೆ ಹೈದರಾಬಾದಿನವನು ಬಂದ. ಮಗ ಸೋಫಾದಲ್ಲಿ, ನಾನು ಮೂಲೆಯ ಕುರ್ಚಿಯಲ್ಲಿ, ಸೊಸೆ ಪರದೆಯ ಹಿಂದೆ. ಹಿರಿಯವಳು ಚಹಾ ತಂದಿಟ್ಟು ಪರದೆಯ ಹತ್ತಿರವೇ ನಿಂತಳು. ಅವಳಿಗೆ ತಾಯಿ ಎಲ್ಲವನ್ನೂ ಹೇಳಿದ್ದಳೆಂದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅವನು ಫಾರಂ ಬಿಡಿಸಿಟ್ಟು ಪೆನ್ನು ಕೊಟ್ಟ. ಮಗ ಹೆಸರು ಬರೆದ, ಇಕಾಮಾ ನಂಬರ್ ಬರೆದ, ಫೋನು ನಂಬರ್ ಬರೆದ. ಕೆಳಗೆ ಬಂದು ನಿಂತ.

"ಇಲ್ಲಿ ಎಂತ, ಪಿರಿಯಡ್ ಅಂತ ಉಂಟಲ್ಲ?"

"ಅದು ಸುಮ್ಮನೆ ಸಾಬ್, ಹನ್ನೆರಡು ತಿಂಗಳು ಅಂತ ಬರೆಯಿರಿ. ಎಲ್ಲರೂ ಹಾಗೇ ಬರೆಯೋದು."

ಮಗ ಪೆನ್ನು ಎತ್ತಿ ಹಿಡಿದ. ನನ್ನ ಕಡೆ ತಿರುಗಿದ. "ಉಮ್ಮ, ಇದು ವರ್ಷಕ್ಕಾ?"

ಕೇಳಿದ್ದರಿಂದ ಹೇಳಬೇಕಾಯಿತು. "ವರ್ಷಕ್ಕೆ. ಮೊದಲು ಬಿಟ್ರೆ ಮುನ್ನೂರು ಹೋಯ್ತು. ಕ್ಯಾಶ್‌ಬ್ಯಾಕೂ ಕೈಗೆ ಬರುದಿಲ್ಲ, ಅದು ರಸೀದ್. ಕೇಳು ಅವನನ್ನು."

ಹೈದರಾಬಾದಿನವನು ನನ್ನನ್ನು ನೋಡಿದ. ಬಾಸ್ಮತಿ ಬೇಯಿಸಲು ಬಾರದ ಮುದುಕಿ ಎಂದು ತಿಳಿದಿದ್ದನೋ ಏನೋ. "ಅಮ್ಮಾಜಿ ಅರಬಿ ಓದ್ತಾರಾ?" ಎಂದ.

"ಓದ್ತೇನೆ. ಅರ್ಥ ಎದುರು ಮನೆಯವಳು ಹೇಳ್ತಾಳೆ."

ಮಗ ನಗಲಿಲ್ಲ. ಪೆನ್ನು ಹಾಗೇ ಹಿಡಿದಿದ್ದ. ಪರದೆಯ ಹಿಂದಿನಿಂದ ಸೊಸೆಯ ಮಾತು ಬಂತು, ನಮ್ಮ ಬ್ಯಾರಿ ಭಾಷೆಯಲ್ಲಿ, ಹೊರಗಿನವನಿಗೆ ತಿಳಿಯದ ಹಾಗೆ: "ವರ್ಷ ಇರುದಾದ್ರೆ ಬರೀರಿ. ಇರುದಿಲ್ಲ ಅಂತಾದ್ರೆ ಈಗಲೇ ಹೇಳಿ. ಮಗಳು ಇಲ್ಲೇ ಇದ್ದಾಳೆ."

ಮಗ ಪೆನ್ನಿನ ಮುಚ್ಚಳ ಹಾಕಿದ. ನಾಳೆ ಹೇಳುತ್ತೇನೆ ಎಂದು ಹೈದರಾಬಾದಿನವನನ್ನು ಬಾಗಿಲವರೆಗೆ ಬಿಟ್ಟು ಬಂದ. ಹಿರಿಯವಳು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಬಡಿದು ಹಾಕಲಿಲ್ಲ, ಮೆಲ್ಲಗೆ ಹಾಕಿದಳು. ಅದು ಹೆಚ್ಚು ಕೇಳಿಸಿತು.

"ಮಾರ್ಚಿಗೆ ಅಂತ ನಿಶ್ಚಯ ಮಾಡಿಯೇ ಆಗಿತ್ತಲ್ಲ?" ಎಂದಳು ಸೊಸೆ ಹೊರಗೆ ಬಂದು. "ಖರ್ಚು ಹಿಡಿತ ಹಿಡಿತ ಅಂತ ನನ್ನನ್ನು ಕುಣಿಸಿದ್ದು ಯಾಕೆ?"

"ನಾನು ಎಂತ ಮಾಡ್ಲಿ ಮಾರಾಯ್ತಿ. ನಾಲ್ಕು ಜನರದ್ದು ಒಟ್ಟಿಗೆ ಕಟ್ಬೇಕು. ಮುಂದಿನ ವರ್ಷ ಇನ್ನೂ ಜಾಸ್ತಿ. ಉಮ್ಮನ ಇನ್ಶೂರೆನ್ಸ್ ಒಂದೇ..." ಅಷ್ಟಕ್ಕೆ ನಿಲ್ಲಿಸಿದ. ನಾನು ಅಲ್ಲೇ ಕೂತಿದ್ದೆ.

"ಹೇಳು. ನನ್ನ ಇನ್ಶೂರೆನ್ಸ್ ಎಷ್ಟು?"

"ಅದೆಲ್ಲ ನಿಮಗೆ ಯಾಕೆ ಉಮ್ಮ."

"ಹೇಳು ಅಂದೆ."

ಹೇಳಿದ. ಅವರ ಮೂವರದ್ದು ಸೇರಿಸಿದರೂ ನನ್ನೊಬ್ಬಳದ್ದಕ್ಕಿಂತ ಕಡಿಮೆ. ವಯಸ್ಸಾದವರಿಗೆ ಹಾಗಂತೆ. ಅದರ ಮೇಲೆ ತಲೆಯ ಫೀ. ಅದರ ಮೇಲೆ ಮೊಣಕಾಲಿನ ಮಾತ್ರೆ. ನಾನು ಸೊಸೆಯ ನೋಟುಪುಸ್ತಕ ತರಿಸಿ, ಪೈಪು ಮತ್ತು ಸಿಲಿಂಡರಿನ ನಡುವೆ ನನ್ನದನ್ನೂ ಬರೆ ಎಂದೆ. ಅವಳು ಬರೆಯಲಿಲ್ಲ. "ಬೇಡ ಮಾಮಿ" ಎಂದಳು. ಬರೆಯದಿದ್ದರೂ ಮೂವರಿಗೂ ಕಾಣುತ್ತಿತ್ತು.

"ಹದಿನೈದು ದಿನದಿಂದ ತಿಂಗಳಿಗೆ ಹದಿನಾರು ರಿಯಾಲ್ ಹುಡುಕಿದ್ದೀರಿ" ಎಂದೆ. "ನಾನು ಇಲ್ಲಿ ಇಷ್ಟು ದೊಡ್ಡದಾಗಿ ಕೂತಿದ್ದೇನೆ, ಯಾರಿಗೂ ಕಾಣ್ಲಿಲ್ಲ. ನಾನು ಹೋದ್ರೆ ಇವರ ಮೂವರದ್ದು ಕಟ್ಲಿಕ್ಕೆ ಆಗ್ತದಾ, ಇಲ್ವಾ? ಸರಿಯಾಗಿ ಹೇಳು. ಹತ್ತನೇ ಮುಗಿಯುವವರೆಗೆ."

ಮಗ ಬೇಡ ಉಮ್ಮ ಎಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಬೇಡ ಎಂದ. ಮೂರನೆಯ ಸಲ ಬೇಡ ಎನ್ನುವಾಗ ಅವನ ಧ್ವನಿ ಮನಸ್ಸಿನಲ್ಲಿ ಲೆಕ್ಕ ಹಾಕುವವನ ಧ್ವನಿಯಾಗಿತ್ತು. ನಾನು ಹೆತ್ತವಳು, ನನಗೆ ಗೊತ್ತಾಗುತ್ತದೆ. ಆಮೇಲೆ ಹೇಳಿದ: "ಆಗ್ತದೆ. ಕಷ್ಟ. ಆದ್ರೆ ಆಗ್ತದೆ."

"ಹಾಗಾದ್ರೆ ಮಗಳಿಗೆ ಹೋಗಿ ಹೇಳು. ನಾಳೆಗೆ ಇಡ್ಬೇಡ."

ಅವನು ಎದ್ದು ಹೋದ. ಕೋಣೆಯಲ್ಲಿ ಅಪ್ಪ ಮಗಳು ಏನು ಮಾತಾಡಿದರೋ ನಾನು ಕೇಳಲು ಹೋಗಲಿಲ್ಲ. ಪರೀಕ್ಷೆಯನ್ನು ಅವಳು ಅಲ್ಲೇ ಬರೆದಳು. ಅದು ಆಮೇಲಿನ ಮಾತು.

ಸೊಸೆ ನನ್ನ ಕಾಲ ಹತ್ತಿರ ಕೂತು ಅತ್ತಳು. ನಾನು ತ್ಯಾಗ ಮಾಡಿದೆ ಎಂದು ಯಾರೂ ಬರೆದುಕೊಳ್ಳುವುದು ಬೇಡ. ನನಗೆ ಊರಿನಲ್ಲಿ ಮಗಳ ಮನೆ ಉಂಟು, ಅಲ್ಲಿ ಮಕ್ಕಳ ಗಲಾಟೆ ಉಂಟು, ಜಗಳಕ್ಕೆ ತಂಗಿ ಇದ್ದಾಳೆ. ಮೂರನೇ ಮಾಳಿಗೆಯಲ್ಲಿ ಏಸಿಯ ಕೆಳಗೆ ಕಂಬಳಿ ಹೊದ್ದು ಕೂರುವುದು ನನಗೂ ಸಾಕಾಗಿತ್ತು. ಇರಬೇಕು ಎಂದರೆ ಇರುತ್ತಿದ್ದೆ, ಹೋಗಬೇಕು ಎಂದರೆ ಹೋಗುವುದು. ಅವಳಿಗೆ ಅದನ್ನೇ ಹೇಳಿದೆ. ಆಮೇಲೆ ಇನ್ನೊಂದು ಹೇಳಿದೆ: "ಈ ಮನೆಯಲ್ಲಿ ಕುಚ್ಚಲಕ್ಕಿ ಉಣ್ಣುವವಳು ನಾನೊಬ್ಳೇ. ನಾನು ಹೋದ್ರೆ ಸಿಲಿಂಡರ್ ಅರವತ್ತು ದಿನ ಬರ್ತದೆ. ಪೈಪೂ ಬೇಡ, ಕಾರ್ಡೂ ಬೇಡ."

ಅವಳು ಅಳುತ್ತಲೇ ನಕ್ಕಳು. "ಸೋಪಿನ ಬಾಟ್ಲಿ ತೆಗೊಳ್ತೇನೆ ಮಾಮಿ" ಎಂದಳು.

ಮರುದಿನ ಶನಿವಾರ. ಬೆಳಗಿನ ಸುಬಹಿ ನಮಾಜು ಮುಗಿಸಿ ನೀರುದೋಸೆ ಹೊಯ್ದೆ. ಮಗ ಎದ್ದು ಬಂದು ಕೂರುವ ಮೊದಲು ನನ್ನ ಪೆಟ್ಟಿಗೆಯಿಂದ ಪಾಸ್‌ಪೋರ್ಟ್ ತೆಗೆದು ಅವನ ಬಟ್ಟಲಿನ ಪಕ್ಕದಲ್ಲಿಟ್ಟೆ. ಅವನು ಅದನ್ನು ನೋಡಿ, "ಎಕ್ಸಿಟ್ ವೀಸಾ ಎಲ್ಲ ಈಗ ಫೋನಿನಲ್ಲೇ ಆಗ್ತದೆ ಉಮ್ಮ, ಇದು ಬೇಡ" ಎಂದ.

"ಟಿಕೆಟಿಗೆ ಬೇಕಲ್ಲ."

"ಮಾರ್ಚಿಗೆ ಇನ್ನೂ ಎಷ್ಟು ದಿನ ಉಂಟು."

"ಮಾರ್ಚಿಗೆ ಶಾಲೆ ಬಿಡ್ತದೆ, ಟಿಕೆಟ್ ದುಬಾರಿ ಆಗ್ತದೆ. ಫೆಬ್ರವರಿಗೆ ನೋಡು" ಎಂದೆ. ಅವನು ಫೋನು ತೆಗೆದ. ಎರಡು ವಿಮಾನದವರ ದರ ಓದಿ ಹೇಳಿದ. ಒಂದರಲ್ಲಿ ಊಟ ಕೊಡುತ್ತಾರೆ, ಇನ್ನೊಂದರಲ್ಲಿ ಸಾಮಾನು ಹತ್ತು ಕಿಲೋ ಹೆಚ್ಚು. ನಾನು ಸಾಮಾನಿನದ್ದನ್ನು ತೆಗೆಯಲು ಹೇಳಿ, ಅವನ ಬಟ್ಟಲಿಗೆ ಇನ್ನೆರಡು ದೋಸೆ ಹಾಕಿದೆ.